ಕಡ್ಡಿ ಕಾಯ್ದ ಜವರಪ್ಪ

ಜವರಪ್ಪನ ಎಡಹುಬ್ಬಿನಲ್ಲಿ ಕೂದಲಿರಲಿಲ್ಲ. ಚಿನಕುರಳಿಯ ಟೆಂಟಿನಲ್ಲಿ ಸಿನಿಮಾ ಬಿಡುತ್ತಿದ್ದವನು ಅವನು. ಮಿಷನ್ನಿನೊಳಗೆ ಉರಿಯುವ ಎರಡು ಕಾರ್ಬನ್ ಕಡ್ಡಿಗಳನ್ನು ಬಗ್ಗಿ ಬಗ್ಗಿ ನೋಡಿ, ಕಿಡಿ ಹಾರಿ ಹುಬ್ಬು ಸುಟ್ಟುಕೊಂಡಿದ್ದ. ಕಡ್ಡಿ ಸವೆದಂತೆಲ್ಲ ಒಂದಕ್ಕೊಂದು ಹತ್ತಿರ ತರುತ್ತಿರಬೇಕು, ಮರೆತರೆ ಪರದೆ ಕತ್ತಲು. ಹೀಗಾಗಿ ಇಪ್ಪತ್ತು ವರ್ಷ ಸಿನಿಮಾ ಬಿಟ್ಟವನು ಒಂದನ್ನೂ ನೆಟ್ಟಗೆ ನೋಡಿರಲಿಲ್ಲ.

"ಕತೆ ನೀವ್ ನೋಡಿ ಮೇಷ್ಟ್ರೇ, ಬೆಂಕಿ ನಾನ್ ನೋಡ್ಕತೀನಿ" ಎನ್ನುತ್ತಿದ್ದ. ನಾನು ಊರಿನ ಶಾಲೆಯ ಮೇಷ್ಟ್ರು. ಸಂಜೆಯಾದರೆ ಅವನ ಪಕ್ಕದ ಬೆಂಚಿನಲ್ಲಿ ಕೂರುವ ಚಾಳಿ ನನಗೆ.

ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಟೆಂಟಿಗೆ ಸ್ಕೋಪ್ ಚಿತ್ರ ಬಂತು. ರೀಲಿನಲ್ಲಿ ಅಡ್ಡಕ್ಕೆ ಒತ್ತಿ ಕಿರಿದು ಮಾಡಿರುವ ಆ ಚಿತ್ರವನ್ನು ಪರದೆಯ ಮೇಲೆ ಅಗಲಿಸಿ ತೋರಿಸುವ ಲೆನ್ಸು ನಮ್ಮಲ್ಲಿ ಇರಲಿಲ್ಲ. ಜವರಪ್ಪ ಹಾಗೆಯೇ ಬಿಟ್ಟ. ಹೀರೋ ಕಬ್ಬಿನ ಜಲ್ಲೆಯಂತೆ ಬಂದ, ಅವನ ಕುದುರೆಯೂ ಹಾಗೆಯೇ.

"ಲೇ ಜವರ, ಈರೋಗೆ ಮುದ್ದೆ ಇಕ್ಕಿಲ್ವೇನ್ಲಾ?" ಎಂದು ಯಾರೋ ಕೂಗಿದರು. ಟೆಂಟೆಲ್ಲ ನಕ್ಕಿತು. ಅವನು ನಗಲಿಲ್ಲ.

ಮರುದಿನ ಬೆಳಿಗ್ಗೆ ಪಾಂಡವಪುರದ ಬಸ್ಸು ಹತ್ತಿ, ಅಲ್ಲಿನ ಟಾಕೀಸಿನವರನ್ನು ಕಾಡಿ ಬೇಡಿ, ಹಳೆಯದೊಂದು ಲೆನ್ಸನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ತಂದ. ಈಗ ಚಿತ್ರ ಪರದೆಯಿಂದಾಚೆ ಚೆಲ್ಲುತ್ತಿತ್ತು. ತನ್ನ ಮದುವೆಯ ಪಂಚೆಯನ್ನೇ ಹರಿದು ಪರದೆಯ ಎರಡೂ ಕಡೆ ಹೊಲಿದ. ಅಂದು ಸಂಜೆ ಹೀರೋ ಮೈಕೈ ತುಂಬಿಕೊಂಡು ಬಂದ.

"ಉಂಡವ್ನೆ ನೋಡಿ ಈಗ!" ಎಂದು ಜವರಪ್ಪ ನನ್ನ ತೊಡೆಗೆ ಹೊಡೆದ.

ಆಮೇಲೆ ಊರಿಗೆ ಕೇಬಲ್ ಬಂತು. ಟೆಂಟಿನಲ್ಲಿ ಜನ ಕರಗಿದರು.

"ಬತ್ತಾರೆ ಬುಡಿ ಮೇಷ್ಟ್ರೇ. ಗೇಣುದ್ದದ ಡಬ್ಬದಾಗೆ ಏನ್ ಕಂಡಾತು?"

ಯಾರೂ ಬರಲಿಲ್ಲ. ನಿಜ ಹೇಳಬೇಕೆಂದರೆ, ಎಲ್ಲರಿಗಿಂತ ಮೊದಲು ಟೆಂಟಿಗೆ ಹೋಗುವುದು ಬಿಟ್ಟವರಲ್ಲಿ ನಾನೂ ಒಬ್ಬ. ನಮ್ಮ ಮನೆಗೂ ಟಿವಿ ಬಂದಿತ್ತು. ಮಾಲೀಕ ಟೆಂಟು ಬಿಚ್ಚಿದ, ಮಿಷನ್ನು ಗುಜರಿಗೆ ಹೋಯಿತು. ಜವರಪ್ಪ ಕಲ್ಲುಕ್ವಾರಿಗೆ ಜಲ್ಲಿ ಒಡೆಯಲು ಹೋದ.

ಒಂದು ಭಾನುವಾರ ಮನೆಗೆ ಬಂದ. ಸಮಾಧಾನ ಮಾಡುವ ದೊಡ್ಡಸ್ತಿಕೆ ನನಗೆ. "ಇನ್ನಾದರೂ ಆರಾಮಾಗಿ ಒಂದು ಸಿನಿಮಾ ನೋಡು" ಎಂದು ಟಿವಿಯ ಮುಂದೆ ಕುರ್ಚಿ ಹಾಕಿದೆ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಿರುಗಿ ಹಿಂದಿನ ಗೋಡೆ ನೋಡಿದ. ಮತ್ತೆ ಮತ್ತೆ ತಿರುಗಿದ.

"ಬೆಳಕು ಎಲ್ಲಿಂದ ಬತ್ತದೆ ಮೇಷ್ಟ್ರೇ?"

"ಅದರೊಳಗಿಂದಲೇ."

"ಯಾರೂ ನೋಡ್ಕಬೇಕಿಲ್ವಾ?"

"ಇಲ್ಲ ಜವರಪ್ಪ."

"ಅಂಗಾದ್ರೆ ಸರಿ ಬುಡಿ" ಎಂದು ಎದ್ದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಕಾಫಿಗೂ ನಿಲ್ಲದೆ ಹೋದ. ಮತ್ತೆ ನಮ್ಮ ಮನೆ ಕಡೆ ಬರಲಿಲ್ಲ. ಮರುವರ್ಷ ಕ್ವಾರಿಯಲ್ಲೇ ತೀರಿಕೊಂಡನಂತೆ.

ಯಾರೂ ನೋಡ್ಕಬೇಕಿಲ್ವಾ ಎಂದು ಅವನು ಕೇಳಿದಾಗ ನಾನೊಂದು ಸುಳ್ಳು ಹೇಳಬಹುದಿತ್ತು.