ಹೂಂಗುಟ್ಟಿದವರು

ನಮ್ಮತ್ತೆ ಕಥೆ ಹೇಳುವಾಗ ನಡುನಡುವೆ ನಿಲ್ಲಿಸಿ ಕಾಯುತ್ತಿದ್ದರು. ಎದುರಿಗೆ ಕೂತವರು "ಹೂಂ" ಅನ್ನಬೇಕು, ಆಮೇಲೆಯೇ ಮುಂದಿನ ಮಾತು. ಅವರದು ತಲೆಮಾರುಗಳಿಂದ ಮದರಾಸಿನಲ್ಲೇ ಬೇರುಬಿಟ್ಟ ವೈಷ್ಣವರ ಮನೆ. ನಾನು ಮೈಸೂರಿನಿಂದ ಟಿ. ನಗರದ ಆ ಮನೆಗೆ ಸೊಸೆಯಾಗಿ ಬಂದವಳು. ಅವರ ಅರ್ಧ ತಮಿಳಿನ ಕನ್ನಡ ನನಗೆ ಹಿಡಿತಕ್ಕೆ ಸಿಗುವಷ್ಟರಲ್ಲಿ ಒಂದು ವರ್ಷವೇ ಕಳೆದಿತ್ತು.

"ಏನ್ಮಾ, ಗೋಡೆ ಜತೆ ಪೇಸ್ತಾ ಇದೀನಾ ನಾನು? ಹೂಂ ಅನ್ನು."

"ತಲೆ ಆಡಿಸಿದೆನಲ್ಲಾ ಅತ್ತೆ."

"ನಾನು ಹೂ ಕಟ್ಟೋದ್ನ ನೋಡ್ಲಾ, ನಿನ್ ತಲೆ ನೋಡ್ಲಾ? ಕಥೆಗೆ ನೀನು ಹೂಂ ಅನ್ಲಿಲ್ಲಾಂದ್ರೆ ಬೇರೆ ಯಾರಾದ್ರೂ ಅಂತಾರೆ. ಅದು ತೇವೆಯಾ, ಬೇಕಾ ನಮ್ಗೆ?"

ಆ 'ಬೇರೆ ಯಾರಾದರೂ' ಯಾರು ಎಂದು ಕೇಳಿದರೆ ಹೇಳುತ್ತಿರಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿ, ಇನ್ನೊಂದು ಮೊಳ ಮಲ್ಲಿಗೆಗೆ ಕೈ ಹಾಕುತ್ತಿದ್ದರು. ಆದರೆ ಅವರೇ ಬೈಯುವಾಗ ಅಪ್ಪಿತಪ್ಪಿ ಹೂಂ ಅಂದರೆ ಮುಗಿಯಿತು. "ದೊಡ್ಡೋರ ಮಾತಿಗೆ ಹೂಂ ಅನ್ನೋದು ತಿಮಿರು. ಬಾಯ್ಮುಚ್ಕೊಂಡು ಕೇಳ್ಬೇಕು." ಕಥೆಗೆ ಹೂಂಗುಟ್ಟಬೇಕು, ಬುದ್ಧಿಮಾತಿಗೆ ಸುಮ್ಮನಿರಬೇಕು. ಇಷ್ಟು ಕಲಿತ ಮೇಲೆ ಅತ್ತೆಯ ಜತೆ ಬಾಳುವೆ ಸಲೀಸಾಯಿತು.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಬೀದಿಯ ಹಿಂದಿನ ಓಣಿಯಲ್ಲಿ, ಸೀರೆ ಅಂಗಡಿಯೊಂದರ ಗೋಡೌನಿನ ಮಹಡಿ ಮೇಲೆ, ಜಪಾನಿ ಭಾಷೆಯ ಕ್ಲಾಸು ಶುರುವಾಯಿತು. ಊರ ಸುತ್ತ ಆಗಷ್ಟೇ ಜಪಾನಿನವರ ಕಾರ್ಖಾನೆಗಳು ಏಳುತ್ತಿದ್ದವು. ಮಕ್ಕಳು ಶಾಲೆಗೆ ಹೋದ ಮೇಲೆ ಸಿಗುವ ಹೊತ್ತು ಸುಮ್ಮನೆ ಹಾಳಾಗುವುದು ಬೇಡ ಎಂದು ನಾನೂ ಸೇರಿದೆ. ಕಲಿಸುತ್ತಿದ್ದವರು ಐವತ್ತು ದಾಟಿದ ಜಪಾನಿ ಹೆಂಗಸು. ನಾವೆಲ್ಲ 'ಸೆನ್ಸೆ' ಎನ್ನುತ್ತಿದ್ದೆವು, ಅವರ ಭಾಷೆಯಲ್ಲಿ ಗುರುಗಳನ್ನು ಕರೆಯುವುದು ಹಾಗೆ. ನಾವು ಬಾಗಿಲಲ್ಲಿ ಎಲ್ಲೆಂದರಲ್ಲಿ ಬಿಟ್ಟ ಚಪ್ಪಲಿಗಳನ್ನು ಅವರು ಬಗ್ಗಿ ಜೋಡಿಸಿ, ಮೂತಿ ಹೊರಕ್ಕೆ ಮಾಡಿ ಇಡುತ್ತಿದ್ದರು. ನಮಗೆ ನಾಚಿಕೆ. ಮಾರನೆಯ ದಿನ ಮತ್ತೆ ಹಾಗೇ ಬಿಡುತ್ತಿದ್ದೆವು.

ಅವರಿಗೆ ಪಾಠ ಹೇಳುವುದರ ಜತೆಗೆ ಒಂದು ಸಂಶೋಧನೆಯೂ ಇತ್ತು. ಹೊರಗಿನವರು ಜಪಾನಿ ಕಲಿಯುವಾಗ ಹೇಗೆ ಮಾತಾಡುತ್ತಾರೆ ಎಂಬುದಲ್ಲ, ಹೇಗೆ ಕೇಳುತ್ತಾರೆ ಎಂಬುದು. ಅವರಲ್ಲಿ ಒಬ್ಬರು ಮಾತಾಡುತ್ತಿದ್ದರೆ ಇನ್ನೊಬ್ಬರು ಮಾತು ಮಾತಿಗೂ "ಹಾಯ್" ಅನ್ನುತ್ತಲೇ ಇರಬೇಕಂತೆ. ಹೌದು ಎಂದಲ್ಲ, ಇಲ್ಲಿದ್ದೇನೆ, ಕೇಳುತ್ತಿದ್ದೇನೆ ಎಂದು. ನಮ್ಮವರಿಗೆ ಅದು ಬರುತ್ತಿರಲಿಲ್ಲ. ಎಣ್ಣೂರಿನಲ್ಲಿ ಕಟ್ಟುತ್ತಿದ್ದ ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿಯೊಬ್ಬ ಜಪಾನಿನ ಅಧಿಕಾರಿಯ ಫೋನು ಬಂದಾಗ ಎದ್ದು ನಿಂತು, ಬಾಯಿ ಮುಚ್ಚಿಕೊಂಡು, ಪ್ರತಿ ಮಾತಿಗೂ ಭಕ್ತಿಯಿಂದ ತಲೆ ಆಡಿಸುತ್ತಿದ್ದನಂತೆ. ಆ ಕಡೆಯವರು ಲೈನು ಕಟ್ಟಾಯಿತೆಂದು ಇಟ್ಟುಬಿಡುತ್ತಿದ್ದರಂತೆ. ಇದನ್ನು ಅವನೇ ಹೇಳಿ ನಗಿಸಿದ. ನಾನು ಅತ್ತೆಯ ಹೂಂ ವಿಚಾರ ಹೇಳಿದಾಗ ಸೆನ್ಸೆ ನಗಲಿಲ್ಲ. ಎರಡು ಸಲ ಬಿಡಿಸಿ ಕೇಳಿದರು. ಆಮೇಲೆ, "ನನಗೆ ಸಹಾಯಕ್ಕೆ ಬರುತ್ತೀಯಾ?" ಎಂದರು.

ಹಾಗೆ ನಾನು ರೆಕಾರ್ಡಿಂಗ್ ಮಾಡುವವಳಾದೆ. ಹೊರಗೆ ಬೀದಿಯ ಗದ್ದಲ ಸ್ವಲ್ಪ ಇಳಿಯುವ ಮಧ್ಯಾಹ್ನದ ಹೊತ್ತು, ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಒಬ್ಬೊಬ್ಬ ವಿದ್ಯಾರ್ಥಿಯನ್ನು ಸೆನ್ಸೆಯ ಎದುರು ಕೂರಿಸುವುದು. ಹುಡುಗಿಯರಾದರೆ ಬಳೆ ತೆಗೆಸುವುದು, ಇಲ್ಲದಿದ್ದರೆ ಕ್ಯಾಸೆಟ್ಟಿನಲ್ಲಿ ಅದರದೇ ಸದ್ದು. ಸೆನ್ಸೆ ಎಲ್ಲರಿಗೂ ಒಂದೇ ಕಥೆ ಹೇಳುತ್ತಿದ್ದರು. ಅವರು ಚಿಕ್ಕವರಿದ್ದಾಗ ಹಿಮ ಬೀಳುವ ಸಂಜೆ ಅಜ್ಜಿಯ ಹಿಂದೆ ನಡೆದು ಬರುತ್ತಿದ್ದರಂತೆ. ಅಜ್ಜಿಯ ಬೆನ್ನೂ ಕಾಣದಷ್ಟು ಹಿಮ. ಅಜ್ಜಿ ತಿರುಗದೆಯೇ ಕೂಗುವುದು, ಇವರು "ಹಾಯ್" ಅನ್ನುವುದು. ನಡುವೆ ಯಾವುದೋ ಮುನಿಸಿಗೆ ಇವರು ಉತ್ತರ ಕೊಡುವುದನ್ನೇ ಬಿಟ್ಟರಂತೆ. ಅಜ್ಜಿ ಹುಚ್ಚಿಯ ಹಾಗೆ ವಾಪಸು ಓಡಿಬಂದಳಂತೆ. ಇಷ್ಟೇ ಕಥೆ. ಕೇಳುವವರು ತೀರಾ ಸುಮ್ಮನಿದ್ದರೆ ಸೆನ್ಸೆ ಒಮ್ಮೆ, "ಕೀತೆ ಇಮಾಸ್ ಕಾ?" ಎನ್ನುತ್ತಿದ್ದರು. ಕೇಳುತ್ತಿದ್ದೀಯಾ, ಎಂದು.

ಕ್ಯಾಸೆಟ್ಟುಗಳನ್ನು ಮನೆಗೆ ತಂದು, ಕಿವಿಗೆ ಹೆಡ್‌ಫೋನ್ ಹಾಕಿ, ಎಲ್ಲೆಲ್ಲಿ ಹಾಯ್, ಎಲ್ಲೆಲ್ಲಿ ಮೌನ ಎಂದು ಬರೆಯುವುದೂ ನನ್ನದೇ ಕೆಲಸ. ಕೆಲಸ ಮುಗಿದ ಕ್ಯಾಸೆಟ್ಟನ್ನು ಅಳಿಸಲೇಬೇಕು, ಅದು ಸೆನ್ಸೆ ಪ್ರತಿಯೊಬ್ಬರಿಗೂ ಕೊಡುತ್ತಿದ್ದ ಮಾತು. ಕ್ಲಾಸಿನ ಟೂ-ಇನ್-ಒನ್ ಹಳೆಯದು. ಖಾಲಿ ಕೋಣೆಯಲ್ಲಿ ರೆಕಾರ್ಡ್ ಗುಂಡಿ ಒತ್ತಿ ಒಮ್ಮೆ ಅಳಿಸಿದರೆ ಹಿಂದಿನದು ತಳದಲ್ಲಿ ಗಸಿಯ ಹಾಗೆ ಉಳಿಯುತ್ತಿತ್ತು. ಅದಕ್ಕೇ ಎರಡು ಸಲ ಅಳಿಸುವ ಪದ್ಧತಿ.

ಮಾಧವರಂನಿಂದ ಬರುತ್ತಿದ್ದ ಒಬ್ಬಳು ಹುಡುಗಿ ಇದ್ದಳು. ತಂದೆಗೆ ಅಲ್ಲಿನ ಹಾಲಿನ ಡೈರಿಯಲ್ಲಿ ಕೆಲಸ, ಮೂಲ ತುಮಕೂರಿನ ಕಡೆಯವರು. ಓದಿದ್ದೆಲ್ಲ ಮದರಾಸಿನಲ್ಲೇ ಆದ್ದರಿಂದ ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಕಾಲೇಜು ಮುಗಿಸಿದ್ದಳು. ಜಪಾನಿಗೆ ಹೋಗಿ ಓದಬೇಕೆಂಬ ಆಸೆ. ಕ್ಲಾಸಿನಲ್ಲಿ ಅವಳಷ್ಟು ಚೆನ್ನಾಗಿ ಕಲಿತವರಿರಲಿಲ್ಲ, ಅವಳಷ್ಟು ಕಡಿಮೆ ಮಾತಿನವರೂ ಇರಲಿಲ್ಲ. ಅವಳ ಸರದಿ ಬಂದ ದಿನ ಗಾಜಿನ ಬಳೆಗಳನ್ನು ತಾನಾಗಿಯೇ ಕಳಚಿ ಮಡಿಲಲ್ಲಿಟ್ಟುಕೊಂಡಳು. ಕಥೆಯುದ್ದಕ್ಕೂ ಕಣ್ಣು ಅರಳಿಸಿ ತಲೆ ಆಡಿಸಿದಳು. ಬಾಯಿ ತೆರೆಯಲಿಲ್ಲ. ಸೆನ್ಸೆ ಕೇಳುತ್ತಿದ್ದೀಯಾ ಎಂದಾಗ ಬೆಚ್ಚಿಬಿದ್ದು, "ಹಾಯ್" ಎಂದಳು. ಅದೊಂದೇ. ಮುಗಿದ ಮೇಲೆ ನಾಲಿಗೆ ಕಚ್ಚಿಕೊಂಡು, "ಸೆನ್ಸೆ, ಅಳಿಸ್ತೀರಲ್ಲಾ? ಅಮ್ಮನಿಗೆ ಮಾತ್ರ ಕೇಳಿಸಬೇಡಿ, ನಗ್ತಾರೆ," ಎಂದು ಜಪಾನಿಯಲ್ಲೇ ಹೇಳಿದಳು. ಸೆನ್ಸೆ ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು.

ಆ ವರ್ಷದ ಮಳೆ ನಿಲ್ಲುವ ಹೊತ್ತಿಗೆ ಹುಡುಗಿ ಜ್ವರದಲ್ಲಿ ತೀರಿಕೊಂಡಳು. ಒಂದು ವಾರ ಕ್ಲಾಸಿಗೆ ಬರಲಿಲ್ಲ, ಆಮೇಲೆ ಸುದ್ದಿಯೇ ಬಂತು.

ಅವಳ ಕ್ಯಾಸೆಟ್ಟು ಇನ್ನೂ ನನ್ನ ಮನೆಯಲ್ಲಿತ್ತು. ಬರೆಯಬೇಕಲ್ಲ, ಒಂದು ಮಧ್ಯಾಹ್ನ ಹಾಕಿದೆ. ಸೆನ್ಸೆಯ ದನಿ, ನಿಲುಗಡೆ, ದನಿ, ನಿಲುಗಡೆ. ಪ್ರತಿ ನಿಲುಗಡೆಯಲ್ಲೂ ಅವಳು ತಲೆ ಆಡಿಸಿದ್ದು ನನಗೆ ಕಾಣುತ್ತಿತ್ತು. ಕಾಗದದ ಮೇಲೆ 'ಮೌನ' ಎಂದು ಬರೆಯುತ್ತ ಹೋದೆ. ಕೀತೆ ಇಮಾಸ್ ಕಾ? ಹಾಯ್. ಕಿವಿಯ ಒಳಗೇ ಅಂದ ಹಾಗಾಯಿತು. ಹೆಡ್‌ಫೋನ್ ಕಿತ್ತಿಟ್ಟೆ. ನಡುಮನೆಯಲ್ಲಿ ಅತ್ತೆ ಹೂ ಕಟ್ಟುತ್ತ, ಎದುರಿಗೆ ಯಾರೂ ಇಲ್ಲದೆ, ತಮ್ಮಷ್ಟಕ್ಕೆ ಏನೋ ಹಳೇ ಸಂಗತಿ ಹೇಳಿಕೊಳ್ಳುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತು ಜೋರಾಗಿ ಹೂಂ ಅಂದೆ.

"ಏನಾಚು? ಮೊಗ ಯಾಕ್ ಹಾಗಿದೆ?" ಎಂದರು. ಏನೂ ಇಲ್ಲ ಎಂದೆ.

ಎರಡು ಸಾವಿರದ ಇಸವಿ ದಾಟಿತ್ತು. ಸೆನ್ಸೆಯ ಕೆಲಸ ಮುಗಿದು ಊರಿಗೆ ಹೊರಡುವ ತಯಾರಿ ನಡೆದಿತ್ತು. ಉಳಿದ ಕ್ಯಾಸೆಟ್ಟುಗಳನ್ನು ಅಳಿಸುತ್ತ ಕೂತಿದ್ದೆವು. ಹುಡುಗಿಯದನ್ನು ಇಬ್ಬರೂ ಕೈಗೆತ್ತಿಕೊಳ್ಳದೆ ಕೊನೆಗೆ ಬಿಟ್ಟಿದ್ದೆವು. ಆಗ ಅವಳ ತಾಯಿ ಬಂದರು. ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತು, "ಕನ್ನಡದಮ್ಮ ಯಾರು ಇಲ್ಲಿ?" ಎಂದರು.

"ನಾನೇ. ಬನ್ನಿ ಒಳಗೆ."

"ನಮ್ ಹುಡ್ಗಿ ಮಾತ್ನ ಟೇಪ್ ಮಾಡ್ಕಂಡಿದ್ರಂತೆ. ಹೇಳಿದ್ಲು ಮನೇಲಿ. ಪಟ ಐತೆ ಕಣಮ್ಮಾ, ಅಲ್ಬಮ್ ತುಂಬ ಐತೆ. ಧ್ವನಿ ಇಲ್ಲ. ಬರಬರ್ತಾ ಧ್ವನಿ ಹೆಂಗಿತ್ತು ಅನ್ನೋದೇ ಹಾರೋಗ್ತಾ ಐತೆ ನಂಗೆ. ಬೆಳಗಾಗೆದ್ದು ನೆಪ್ಪು ಮಾಡ್ಕಂತೀನಿ, ಬರಾಕಿಲ್ಲ. ಅದೊಂದು ಕೊಡ್ಸವ್ವಾ."

ನಾನು ಸೆನ್ಸೆಗೆ ಹೇಳಿದೆ. ಅವರು ಕ್ಯಾಸೆಟ್ಟನ್ನು ಅಂಗೈಗೆತ್ತಿಕೊಂಡರು. "ಮಾತು ಕೊಟ್ಟಿದ್ದು ಅವಳಿಗೆ," ಎಂದರು. "ವಾಪಸು ತೆಗೆದುಕೊಳ್ಳಲು ಅವಳನ್ನೇ ಕೇಳಬೇಕು. ಹೇಗೆ ಕೇಳಲಿ?" ಇದನ್ನು ಕನ್ನಡಕ್ಕೆ ತಿರುಗಿಸುವುದು ನನ್ನ ಪಾಲಿಗೆ ಬಂತು. ಹುಡುಗಿ ಅಂದದ್ದನ್ನು ಮುಚ್ಚಿಡದೆ ಹೇಳಿದೆ.

ತಾಯಿ ನನ್ನ ಮುಖವನ್ನೇ ನೋಡಿದರು. "ನಾನು ನಗ್ತೀನಿ ಅಂದ್ಲಾ?"

"ಹೂಂ."

"ನಗ್ತಿದ್ದೆ ಕಣಮ್ಮಾ. ಕನ್ನಡಿ ಮುಂದೆ ಒಬ್ಳೇ ಮಾತಾಡ್ಕಳೋಳು. ಗುಬ್ಬಚ್ಚಿ ಕಾಳು ಕುಟುಕ್ದಂಗೆ ಅಂತಿದ್ದೆ. ಸಿಟ್ಟು ಮಾಡ್ಕಂಡು ಬಾಗ್ಲು ಹಾಕ್ಕಳೋಳು." ನಕ್ಕರು. ಆ ನಗು ಅರ್ಧಕ್ಕೇ ನಿಂತುಹೋಯಿತು. ಸೆರಗಿನಿಂದ ಮುಖ ಒರೆಸಿಕೊಂಡು, "ಬ್ಯಾಡ ಬಿಡು. ಅವಳು ಬ್ಯಾಡ ಅಂದಿದ್ರೆ ಬ್ಯಾಡ," ಎಂದು ಎದ್ದರು. ಬಾಗಿಲವರೆಗೆ ಹೋಗಿ ತಿರುಗಿದರು. "ಈಯಮ್ಮ ಅವಳಿಗೆ ಅದೇನೋ ಕಥೆ ಹೇಳಿದ್ರಲ್ಲ. ಅದ್ನಾದ್ರೂ ನಂಗೆ ಹೇಳ್ಲಿ. ಅವಳು ಏನು ಕೇಳುಸ್ಕಂಡ್ಲೋ ಅದ್ನೇ ನಾನೂ ಕೇಳುಸ್ಕಂತೀನಿ. ಅದಕ್ಕೆ ಬ್ಯಾಡ ಅಂದಿಲ್ವಲ್ಲ?"

"ಜಪಾನಿಯಲ್ಲಿದೆ ಅಮ್ಮಾ. ನಿಮಗೆ ಅರ್ಥ ಆಗಲ್ಲ."

"ಫ್ರೆಂಡ್ಸ್ ಜತೆ ತಮಿಳ್ನಾಗೆ ಪಟಪಟಾಂತ ಮಾತಾಡೋವಾಗ ಎಲ್ಲಾ ಅರ್ಥ ಆಗ್ತಿತ್ತಾ ನಂಗೆ? ಪಕ್ಕದಾಗೆ ಕೂತಿರ್ತಿದ್ದೆ, ಅಷ್ಟೇ."

ನಾನು ಅದನ್ನು ತಿರುಗಿಸಿ ಹೇಳುತ್ತಿದ್ದಂತೆ ಸೆನ್ಸೆ ಫ್ಯಾನು ಆರಿಸಿದರು. ಹುಡುಗಿಯ ಕ್ಯಾಸೆಟ್ಟನ್ನೇ ಟೂ-ಇನ್-ಒನ್‌ಗೆ ಹಾಕಿದರು. "ಹೇಗೂ ಅಳಿಸಬೇಕು. ಖಾಲಿ ಕೋಣೆಯಿಂದ ಬೇಡ. ಇದು ಇವರಿಗಿರಲಿ," ಎಂದರು. ಇದರ ಮೇಲೇ ರೆಕಾರ್ಡ್ ಆಗುತ್ತದೆ, ಅವಳದು ಹೋಗುತ್ತದೆ ಎಂದು ತಾಯಿಗೆ ವಿವರಿಸಿದೆ. ಅವರು ಕ್ಯಾಸೆಟ್ಟಿನ ಪುಟ್ಟ ಕಿಟಕಿಯನ್ನು ಬಗ್ಗಿ ನೋಡಿದರು. ಆಮೇಲೆ ತಲೆ ಆಡಿಸಿದರು.

ಅಭ್ಯಾಸಬಲದಿಂದ, "ಬಳೆ ತೆಗೀಬೇಕು, ಸದ್ದು ಬರುತ್ತೆ," ಅಂದುಬಿಟ್ಟೆ.

"ಅವಳೂ ತೆಗ್ದಿದ್ಲಾ?"

"ಮಡಿಲಲ್ಲಿಟ್ಟುಕೊಂಡಿದ್ದಳು."

"ಬರಿಗೈ ಮಾಡ್ಕಬ್ಯಾಡ ಅಂತ ಬಡ್ಕಂತಿದ್ದೆ," ಎಂದರು, ನನಗಲ್ಲ. ತಮ್ಮ ಬಳೆ ತೆಗೆಯಲಿಲ್ಲ. ಎರಡೂ ಮುಂಗೈಗೆ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಹುಡುಗಿ ಕೂತಿದ್ದ ಕುರ್ಚಿಯಲ್ಲೇ ಕೂತರು.

ಸೆನ್ಸೆ ಶುರು ಮಾಡಿದರು. ಅದೇ ಹಿಮ, ಅದೇ ಅಜ್ಜಿ. ಮೊದಲ ನಿಲುಗಡೆ ಬಂತು.

"ಹೂಂ," ಎಂದರು ತಾಯಿ.

ಸೆನ್ಸೆ ಮುಂದುವರಿಸಿದರು. ಮತ್ತೆ ಹೂಂ. ಮಗುವಿನ ಕಥೆಗೆ ಅನ್ನುವ ಹಾಗಲ್ಲ, ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಮಗಳ ಕಾಲೇಜಿನ ಸುದ್ದಿಗೆ ಅನ್ನುತ್ತಿದ್ದ ಹಾಗೆ ಇದ್ದಿರಬೇಕು. ಒಂದು ನಿಲುಗಡೆಯೂ ತಪ್ಪಲಿಲ್ಲ. ಅಷ್ಟು ವರ್ಷ ಅಷ್ಟು ಜನರಿಗೆ ಹೇಳಿದ ಆ ಕಥೆಗೆ ಸೆನ್ಸೆ ಕಾಯುತ್ತಿದ್ದ ಉತ್ತರ ಅವತ್ತು ಸಾಲುಸಾಲಾಗಿ ಸಿಕ್ಕಿತು. ಇಲ್ಲಿ ಕೇಳುವ ಅಗತ್ಯವೇ ಇರಲಿಲ್ಲ, ಆದರೂ ಅಜ್ಜಿ ಓಡಿಬರುವ ಜಾಗ ಬಂದಾಗ ಸೆನ್ಸೆ ಕೇಳಿದರು, "ಕೀತೆ ಇಮಾಸ್ ಕಾ?"

"ಹೂಂ, ಹೇಳು ತಾಯಿ," ಎಂದರು ಅವರು.

ಕಥೆ ಮುಗಿದ ಮೇಲೂ ಕ್ಯಾಸೆಟ್ಟು ಸ್ವಲ್ಪ ಹೊತ್ತು ತಿರುಗುತ್ತಲೇ ಇತ್ತು. ನನಗೆ ಗುಂಡಿ ಒತ್ತುವ ನೆನಪಾಗಲಿಲ್ಲ.

ತಾಯಿ ಮುಖ ತೊಳೆಯಲು ಹೋದಾಗ, ಸರಿಯಾಗಿ ಬಂದಿದೆಯೇ ಎಂದು ನೋಡಲು ಹೆಡ್‌ಫೋನ್ ಹಾಕಿ ಅಲ್ಲಲ್ಲಿ ಕೇಳಿದೆ. ಸೆನ್ಸೆಯ ದನಿ, ಅದರಡಿಗೆ ಬಾವಿಯೊಳಗಿಂದ ಬಂದಂತೆ ಅವರದೇ ಹಳೆಯ ದನಿ. ಹೂಂ, ಹೇಳು ತಾಯಿ. ಅದಾದ ಮೇಲೆ, ತೀರಾ ತಳದಲ್ಲಿ, ಇನ್ನೊಂದು ದನಿ. ಎರಡನೆಯ ಸಲ ಅಳಿಸೋಣವೆಂದರೆ ತಾಯಿಯ ಹೂಂಗಳೆಲ್ಲ ಹೋಗುತ್ತವೆ. ಸೆನ್ಸೆಯ ಕಡೆ ನೋಡಿದೆ. ಪದ್ಧತಿ ಅವರಿಗೂ ಗೊತ್ತಲ್ಲ. ಅವರು ಬಾಗಿಲ ಬಳಿ ಬಗ್ಗಿ, ತಾಯಿಯ ಚಪ್ಪಲಿಗಳನ್ನು ಮೂತಿ ಹೊರಕ್ಕೆ ಮಾಡಿ ಇಡುತ್ತಿದ್ದರು. ನಾನು ಕ್ಯಾಸೆಟ್ಟನ್ನು ಅದರ ಡಬ್ಬಿಗೆ ಹಾಕಿ ತಾಯಿಯ ಕೈಗಿಟ್ಟೆ.

ಆಮೇಲಿನ ವರ್ಷಗಳಲ್ಲಿ ನಾನೇ ಆ ಮಹಡಿಯಲ್ಲಿ ಪಾಠ ಹೇಳತೊಡಗಿದೆ. ಅತ್ತೆ ಹೋದರು. ಕ್ಯಾಸೆಟ್ಟಿನ ಕಾಲವೂ ಮುಗಿಯಿತು. ಮಾಧವರಂನ ಬಸ್ ನಿಲ್ದಾಣದಲ್ಲಿ ಒಂದು ದಿನ ಯಾರೋ ತೋಳು ಹಿಡಿದು ಜಗ್ಗಿದರು. ತಾಯಿ. ಕೂದಲು ಪೂರಾ ಬೆಳ್ಳಗಾಗಿತ್ತು. ಬೆಂಚಿನ ಮೇಲೆ ಜಾಗ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡರು.

"ಟೇಪ್ ರೆಕಾರ್ಡರ್ನ ರಿಪೇರಿ ಮಾಡ್ಸಿ ಮಾಡ್ಸಿ ಇಟ್ಕಂಡಿದೀನಿ," ಎಂದರು. "ನಮ್ ಯಜಮಾನ್ರು ಬೈತಾರೆ, ತೂಕಕ್ಕೆ ಹಾಕು ಅಂತ." ಬಸ್ಸುಗಳ ಕಡೆ ತಿರುಗಿದರು. "ಒಂದು ಮಾತು ಕೇಳ್ಲಾ? ಅವತ್ತು ಆ ರೂಮಿನಾಗೆ ನಾವು ಮೂರೇ ಜನ ಅಲ್ವಾ ಇದ್ದಿದ್ದು?"

ಹಳೆಯ ಯಂತ್ರ, ಒಂದೇ ಸಲ ಅಳಿಸಿದ್ದು, ತಳದಲ್ಲಿ ಉಳಿಯುವ ಗಸಿ ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂತು. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಕಾಯುತ್ತಿದ್ದರು.

"ಹೂಂ," ಎಂದೆ.

"ಅದೇ ಅಂದ್ಕಂಡೆ," ಎಂದರು ಮೆಲ್ಲಗೆ. "ನಾನು ಹೂಂ ಅಂದ ಮ್ಯಾಲೆ, ಹಿಂದ್ಗಡೆಯಿಂದ ಅವಳೂ ಅಂತಾಳೆ. ಯಾರಿಗೂ ಹೇಳಿಲ್ಲ. ಬಾಗ್ಲು ಹಾಕ್ಕಂಡು ಕೇಳ್ತೀನಿ. ನಗಾಕಿಲ್ಲ."

ಬಸ್ಸು ಬಂತು. ಅವರು ಏಳಲಿಲ್ಲ, ನಾನೂ ಏಳಲಿಲ್ಲ. ಅವರು ಮಗಳ ಸಂಗತಿ ಹೇಳತೊಡಗಿದರು, ಹುಟ್ಟಿದಾಗಿನಿಂದ. ನಡುನಡುವೆ ನಿಲ್ಲಿಸಿದಾಗಲೆಲ್ಲ ನಾನು ತಡಮಾಡದೆ, ಬೇರೆ ಯಾರಿಗೂ ಎಡೆ ಕೊಡದ ಹಾಗೆ, ಬಾಯಿಬಿಟ್ಟು ಹೂಂ ಅನ್ನುತ್ತಿದ್ದೆ.