ಪಟೇಲನ ಹೊಟ್ಟೆಯ ನೂಲು

ಇವತ್ತು ಬೆಳಿಗ್ಗೆ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಪಕ್ಕದಲ್ಲಿದ್ದ ಪುಟ್ಟತಾಯಮ್ಮನವರ ಸೆರಗಿನಿಂದ ಬೆಂದ ರೇಷ್ಮೆಗೂಡಿನ ವಾಸನೆ ಬಂತು. ಕೊಳ್ಳೇಗಾಲದವರಿಗೆ ಈ ವಾಸನೆಯನ್ನು ವಿವರಿಸಬೇಕಾಗಿಲ್ಲ. ಬೇರೆಯವರಿಗೆ ಎಷ್ಟು ವಿವರಿಸಿದರೂ ಸಾಲದು. ನಮ್ಮ ಬೀದಿ ಹಾಯುವ ಹೊಸಬರು ಕರ್ಚೀಫು ಹುಡುಕುತ್ತಾರೆ. ಸುಳ್ಳೇಕೆ ಹೇಳಲಿ, ಇಪ್ಪತ್ತು ವರ್ಷ ಪುಟ್ಟತಾಯಮ್ಮನವರ ಪಕ್ಕದ ಮನೆಯಲ್ಲೇ ಇದ್ದರೂ ನಾನೂ ಬಹಳ ದಿನ ಆ ಕಡೆಯ ಕಿಟಕಿ ಮುಚ್ಚಿಕೊಂಡೇ ಬದುಕಿದವನು.

ಪುಟ್ಟತಾಯಮ್ಮ ಮದುವೆಯಾಗಿ ಬಂದಂದಿನಿಂದ ಬಿಸಿನೀರಿನ ಬೇಸಿನ್ ಮುಂದೆ ಕೂತು ಗೂಡಿನಿಂದ ನೂಲು ತೆಗೆಯುವವರು. ಈಗ ಅರವತ್ತು ದಾಟಿದೆ. ಅಂಗಡಿಯ ಯಂತ್ರದ ಮೇಲೆ ಅವರು ಹೆಬ್ಬೆರಳು ಒತ್ತಿದರು. ಕೆಂಪು ದೀಪ. ಬಲಗೈ ಆಯಿತು, ಎಡಗೈ ಆಯಿತು, ಸೆರಗಿಗೆ ಒರೆಸಿಕೊಂಡು ಮತ್ತೆ ಬಲಗೈ ಆಯಿತು.

"ಬೆರಳಲ್ಲಿ ಗೆರೆನೇ ಇಲ್ವಲ್ಲಮ್ಮ, ಎಲ್ಲ ಸವೆದೋಗದೆ," ಎಂದ ಅಂಗಡಿಯವನು.

ನೀವೂ ಆ ಸಾಲಿನಲ್ಲಿದ್ದಿದ್ದರೆ "ಪಾಪ" ಎನ್ನುತ್ತಿದ್ದಿರಿ. ನಾನೂ ಎರಡು ವರ್ಷದ ಹಿಂದಿನವರೆಗೆ ಹಾಗೇ ಎನ್ನುತ್ತಿದ್ದೆ. ಆ ಬೆರಳುಗಳು ಏನೆಂದು ನನಗೆ ತಿಳಿದದ್ದು ಒಂದು ಹಲ್ಲಿಯ ದೆಸೆಯಿಂದ. ನಗಬೇಡಿ, ಹೇಳುತ್ತೇನೆ.

ಮೈಸೂರಿನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗಳು ಸುಮ ಒಂದು ತಿಂಗಳ ತರಬೇತಿಗೆ ಹೊರಡುವಾಗ ತಾನು ಸಾಕಿದ್ದ ಹಲ್ಲಿಯನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದಳು. ಗೋಡೆಯ ಮೇಲೆ ಲೊಚಗುಟ್ಟುವ ನಮ್ಮ ಹಲ್ಲಿಯಲ್ಲ. ಮೊಳದುದ್ದ, ಮರಳಿನ ಬಣ್ಣ, ಗದ್ದದ ಕೆಳಗೆ ಮುಳ್ಳುಮುಳ್ಳು ಗಡ್ಡ. ದೂರದೇಶದ ತಳಿ, ಸಾಕಲು ಕಾಗದಪತ್ರವೆಲ್ಲ ಇದೆ ಎಂದಳು. ಗಾಜಿನ ಪೆಟ್ಟಿಗೆಯಲ್ಲಿ ದೀಪದ ಬಿಸಿಗೆ ಮೈಯೊಡ್ಡಿ, ಕತ್ತೆತ್ತಿ, ಪಂಚಾಯ್ತಿಗೆ ಬಂದ ಹಿರಿಯನಂತೆ ಅದು ಕೂರುತ್ತಿದ್ದುದರಿಂದ ನಾನು ಅದಕ್ಕೆ ಪಟೇಲ ಎಂದು ಹೆಸರಿಟ್ಟೆ.

"ಮಾವ, ಅಪ್ಪ ತೀರ್ಕೊಂಡ ವರ್ಷ ನನಗೆ ಮಾತಾಡೋಕೆ ಇದ್ದಿದ್ದು ಇದೊಂದೇ. ಜೋಪಾನ," ಎಂದು ಹೇಳಿ ಬಸ್ಸು ಹತ್ತಿದಳು. ಭಾವ ತೀರಿಹೋದ ವರ್ಷ ನಾನು ಅವಳಿಗೆ ಎಷ್ಟು ಸಲ ಫೋನು ಮಾಡಿದ್ದೆ ಎಂದು ಎಣಿಸಿದೆ, ಒಂದು ಕೈಯ ಬೆರಳೂ ಬೇಕಾಗಲಿಲ್ಲ. ಹಲ್ಲಿಯನ್ನಾದರೂ ಸರಿಯಾಗಿ ನೋಡಿಕೊಳ್ಳೋಣ ಅನ್ನಿಸಿತು.

ಪಟೇಲನಿಗೆ ಸೊಪ್ಪು ಮತ್ತು ಎಳೆಯ ರೇಷ್ಮೆಹುಳು ಆಹಾರ. ನಮ್ಮೂರಿನಲ್ಲಿ ಹುಳುವಿಗೇನು ಬರ! ಯಳಂದೂರಿನ ಕಡೆಯ ಪರಿಚಯದ ರೈತರೊಬ್ಬರು ಡಬ್ಬಿ ತುಂಬ ಕೊಟ್ಟರು. ಆದರೆ ಎರಡನೇ ವಾರಕ್ಕೆ ಅವರ ಮನೆಯ ಹುಳುವೆಲ್ಲ ಬಲಿತು ಹಣ್ಣಾಗಿ ಗೂಡು ಕಟ್ಟಿಬಿಟ್ಟಿತು. ಆಗ ನನ್ನ ಬುದ್ಧಿ ಕೆಲಸ ಮಾಡಿತು. ಪುಟ್ಟತಾಯಮ್ಮನ ಮನೆಯ ಹಿತ್ತಲಿನಲ್ಲಿ ನೂಲು ತೆಗೆದ ಮೇಲೆ ಉಳಿಯುವ ಬೆಂದ ಹುಳು ಬಕೆಟ್ಟುಗಟ್ಟಲೆ ಇರುತ್ತದೆ. ನಮ್ಮ ಬೀದಿಯವರು ಕೋಳಿಗೆ ಹಾಕುವುದು ಅದನ್ನೇ, ಕೋಳಿಗಳು ಗುಂಡುಗುಂಡಾಗಿವೆ. ಕೋಳಿಗಾದದ್ದು ಪಟೇಲನಿಗೂ ಆದೀತು ಎಂದುಕೊಂಡೆ. ಕಾಮಗೆರೆಯ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ನಾನು! ಜೀರ್ಣಾಂಗಗಳ ಪಟವನ್ನು ಕಣ್ಣುಮುಚ್ಚಿ ಬರೆಯಬಲ್ಲೆ.

ಪಟೇಲ ಚಪ್ಪರಿಸಿ ತಿಂದ. ಆಮೇಲೆ ಐದು ದಿನ ಹಿಕ್ಕೆ ಹಾಕಲಿಲ್ಲ. ಆರನೆಯ ದಿನ, ಒಂದು ಭಾನುವಾರ, ಸೊಪ್ಪಿಗೆ ಮುಖ ತಿರುಗಿಸಿದ. ಹೊಟ್ಟೆ ಬಿಗಿದಿತ್ತು, ಹಿಂಗಾಲು ಎಳೆಯುತ್ತಿದ್ದ.

ಸುಮ ಕೊಟ್ಟಿದ್ದ ನಂಬರಿಗೆ ಫೋನು ಮಾಡಿದೆ. ಮೈಸೂರಿನ ಪಶುವೈದ್ಯರು ಎಲ್ಲ ಕೇಳಿ, "ಆ ಹುಳುಗಳ ಮೈಮೇಲೆ ರೇಷ್ಮೆ ಏನಾದ್ರೂ ಉಳಿದಿತ್ತಾ?" ಎಂದರು. ಉಳಿದಿತ್ತು. ಎಂಥ ನುರಿತವರು ತೆಗೆದರೂ ಗೂಡಿನ ಕಟ್ಟಕಡೆಯ ಪೊರೆ ಹುಳುವಿಗೇ ಅಂಟಿಕೊಂಡಿರುತ್ತದೆ. ಕೋಳಿಗೆ ಹಾಕುವವರು ಒಣಗಿಸಿ, ಉಜ್ಜಿ, ಪೊರೆ ಹಾರಿಸಿ ಹಾಕುತ್ತಾರೆ. ನಾನು ಬಕೆಟ್ಟಿನಿಂದ ನೇರ ಪಟೇಲನ ಬಾಯಿಗೆ ಹಾಕಿದ್ದೆ. ಅದು ಅವನ ಕರುಳಿನಲ್ಲಿ ಮುದ್ದೆ ಕಟ್ಟಿತ್ತು.

"ನಾಳೆ ಬೆಳಿಗ್ಗೆನೇ ಕರ್ಕೊಂಡು ಬನ್ನಿ, ಆಪರೇಷನ್ ಬೇಕಾಗಬಹುದು. ಅಲ್ಲೀತನಕ ಉಗುರುಬೆಚ್ಚಗಿನ ನೀರಲ್ಲಿ ಕೂರಿಸಿ, ಹೊಟ್ಟೆ ಮೆತ್ತಗೆ ನೀವಿ. ನೂಲಿನ ತುದಿ ಆಚೆ ಕಂಡ್ರೆ ಮಾತ್ರ ಎಳೀಬೇಡಿ, ಕರುಳು ಕುಯ್ದುಹೋಗುತ್ತೆ," ಎಂದರು.

ಹಿತ್ತಲಿನಲ್ಲಿ ಟಬ್ಬಿಗೆ ನೀರು ಹಾಕಿ ಪಟೇಲನನ್ನು ಇಳಿಸಬೇಕು, ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪುಟ್ಟತಾಯಮ್ಮ ಇಣುಕಿದರು. ವಿಷಯ ಕೇಳಿದ್ದೇ ಈಚೆ ಬಂದು, ಸೀರೆ ಎತ್ತಿ ಕಟ್ಟಿ, ನೀರಿಗೆ ಮೊಣಕೈ ಇಳಿಬಿಟ್ಟರು.

"ಅಯ್ಯೋ, ಇದು ಗೂಡು ಬೇಯ್ಸೋ ನೀರು ಕಣ್ ಮೇಷ್ಟ್ರೇ! ಪಟೇಲಪ್ಪನ್ನ ಸಾರು ಮಾಡೀರಾ?"

"ಕೈ ಬಿಟ್ಟು ಮೊಣಕೈಲಿ ನೋಡ್ತೀರಲ್ಲ?"

"ಬೆರಳ್ಗೆ ಬಿಸಿ ಗೊತ್ತಾಗದು ಯಾವತ್ತೋ ನಿಂತೋಯ್ತು. ಮಗೀಗೆ ನೀರುಯ್ಯೋವಾಗ್ಲೂ ಇಂಗೇ ನೋಡ್ತಿದ್ದೆ."

ತಣ್ಣೀರು ಬೆರೆಸಿ ಹದಕ್ಕೆ ತಂದರು. ಒಂದು ಅಂಗೈ ಮೇಲೆ ಪಟೇಲನನ್ನು ಮಲಗಿಸಿಕೊಂಡು, ಇನ್ನೊಂದು ಕೈಯ ಎರಡು ಬೆರಳುಗಳನ್ನು ಅವನ ಹೊಟ್ಟೆಯ ಕೆಳಗೆ ಸರಿಸಿ ಕಣ್ಣುಮುಚ್ಚಿದರು. ಬಿಸಿಯೇ ತಿಳಿಯದ ಬೆರಳಿಗೆ ಏನು ತಿಳಿದೀತು ಎಂದು ನಾನಂದುಕೊಳ್ಳುತ್ತಿರುವಾಗಲೇ, "ಇಲ್ಲಿ ಅದೆ," ಎಂದರು. "ಗೋಲಿಯಷ್ಟದೆ. ಅದ್ರ ಇಂದೆ ವಸಿ ಸಣ್ಣದು ಇನ್ನೊಂದದೆ." ಎದೆಯ ಕಡೆಯಿಂದ ಬಾಲದ ಕಡೆಗೆ ನೀವತೊಡಗಿದರು. ಒತ್ತಿದರೋ ಇಲ್ಲವೋ ತಿಳಿಯದಷ್ಟು ಹಗುರ. ನೀರು ಆರಿದಾಗೆಲ್ಲ ಬಿಸಿನೀರು ಹುಯ್ಯುವುದಷ್ಟೇ ನನ್ನ ಕೆಲಸ. ಮೂರು ಸಲ ಹುಯ್ದೆ.

ನಾಲ್ಕನೆಯ ಸಲ ಪಟೇಲ ಮೈ ಬಿಗಿಹಿಡಿದು ಬಾಲ ಎತ್ತಿದ. ಬಾಲದ ಬುಡದಲ್ಲಿ ನೀರಿನಲ್ಲಿ ತೇಲುವ ಒಂದು ಹಳದಿ ಎಳೆ ಕಂಡಿತು. ನನಗೆ ಎಲ್ಲಿಲ್ಲದ ಸಂತೋಷ. ತಟ್ಟನೆ ಕೈ ಚಾಚಿದೆ.

ಪಟ್ ಎಂದು ನನ್ನ ಮುಂಗೈ ಮೇಲೆ ಏಟು ಬಿತ್ತು.

"ಕೈ ತಗೀರಿ! ನೂಲ್ನ ಯಾರಾರ ಎಳೀತಾರಾ? ನೀರು ಬುಡಿಸ್ಕೊಡಬೇಕು, ಅದು ತಾನಾಗಿ ಬರಬೇಕು. ಎಳದ್ರೆ ಒಳೀಕ್ ಬಿಗೀತದೆ."

ಡಾಕ್ಟರ ಎಚ್ಚರಿಕೆಯನ್ನು ನಾನು ಅವರಿಗೆ ಹೇಳೇ ಇರಲಿಲ್ಲ. ಕೇಳಿಸಿಕೊಂಡಿದ್ದವನು ನಾನು, ಮರೆತವನೂ ನಾನೇ. ಕೇಳದೆ ತಿಳಿದಿದ್ದವರು ಅವರು.

ಚಾಚಿದ್ದ ಕೈಯನ್ನು ಬೆನ್ನ ಹಿಂದೆ ಕಟ್ಟಿ ಕೂತೆ. ಅವರ ಬೆರಳು ಮಾತ್ರ ಆಡುತ್ತಿತ್ತು. ಕೊನೆಗೆ ಪಟೇಲ ಒಮ್ಮೆ ನಡುಗಿದ. ಎಳೆಯ ಹಿಂದೆಯೇ ಗೋಲಿಯಷ್ಟು ಮುದ್ದೆ, ಅದರ ಹಿಂದೆ ಅವರೆಂದಂತೆಯೇ ಸಣ್ಣದು ಇನ್ನೊಂದು, ನೀರಿಗೆ ಬಿದ್ದವು. ಪಟೇಲ ನಿಧಾನವಾಗಿ ಕತ್ತೆತ್ತಿ ಗಡ್ಡ ಉಬ್ಬಿಸಿ ನಮ್ಮಿಬ್ಬರನ್ನೂ ನೋಡಿದ. ಪುಟ್ಟತಾಯಮ್ಮ ಮುದ್ದೆಯನ್ನು ಕಡ್ಡಿಯಲ್ಲಿ ತಿರುವಿ, "ನಂದೇ ನೂಲು," ಎಂದು ನಕ್ಕರು.

ಮರುದಿನ ಪಟೇಲನನ್ನು ಎತ್ತಿಕೊಂಡು ಮೈಸೂರಿಗೂ ಹೋದೆ. ಎಕ್ಸ್‌ರೇಯಲ್ಲಿ ಏನೂ ಉಳಿದಿರಲಿಲ್ಲ. "ಯಾವ ಡಾಕ್ಟ್ರು ನೋಡಿದ್ದು?" ಎಂದು ಪಶುವೈದ್ಯರು ಕೇಳಿದರು. ನಮ್ಮ ಪಕ್ಕದ ಮನೆಯವರು ಎಂದೆ. ಸುಮಳಿಗೂ ಎಲ್ಲವನ್ನೂ, ನನ್ನ ತಪ್ಪನ್ನೂ ಸೇರಿಸಿ, ಹೇಳಿದೆ. ಬೈದಳು, ಅತ್ತಳು, ತರಬೇತಿಯಿಂದ ಬಂದವಳು ನಮ್ಮ ಮನೆಗಿಂತ ಮೊದಲು ಪಕ್ಕದ ಮನೆಗೆ ಹೋದಳು. ಈಗ ವಾರಕ್ಕೊಮ್ಮೆ ನಾನೇ ಅವಳಿಗೆ ಫೋನು ಮಾಡುತ್ತೇನೆ. ಪಟೇಲನ ಯೋಗಕ್ಷೇಮ ನೆಪ.

ಇವತ್ತು ಅಂಗಡಿಯವನು ಕೊನೆಗೆ ಪುಟ್ಟತಾಯಮ್ಮನ ಮೊಬೈಲಿಗೆ ಓಟಿಪಿ ತರಿಸಿ ಅಕ್ಕಿ ಕೊಟ್ಟ.

"ಮಿಷೀನ್ಗೆ ನನ್ ಗುರ್ತೇ ಸಿಗಕಿಲ್ಲ ಮೇಷ್ಟ್ರೇ," ಎಂದು ಅವರು ನಕ್ಕು ಚೀಲ ಎತ್ತಿಕೊಂಡರು.

ನಾನು ಕಾಮಗೆರೆಯ ಬಸ್ಸು ಹಿಡಿದೆ. ಶರಟಿಗೆ ಆ ವಾಸನೆ ಅಂಟಿತ್ತು, ಕೊಡವಿಕೊಳ್ಳಲಿಲ್ಲ. ಶಾಲೆಯ ಬಾಗಿಲಲ್ಲಿ ಹಾಜರಿ ಯಂತ್ರದ ಮೇಲೆ ಹೆಬ್ಬೆರಳಿಟ್ಟೆ. ಚಾಕ್‌ಪೀಸು ಹಿಡಿಯುವುದೊಂದನ್ನು ಬಿಟ್ಟು ಹೆಚ್ಚೇನೂ ಕಲಿಯದ ನನ್ನ ಹೆಬ್ಬೆರಳನ್ನು ಅದು ಮೊದಲ ಸಲಕ್ಕೇ ಗುರುತು ಹಿಡಿದು, ಹಸಿರು ದೀಪ ಹತ್ತಿಸಿ, "ಥ್ಯಾಂಕ್ ಯೂ" ಎಂದಿತು. ಆ ಮಾತು ಸಲ್ಲಬೇಕಾದ ಕೈ ನನ್ನದಲ್ಲ ಎಂದು ಅದಕ್ಕೆ ಹೇಗೆ ಹೇಳುವುದೆಂದು ತಿಳಿಯದೆ, ಗಂಟೆ ಹೊಡೆಯುವವರೆಗೂ ಅಲ್ಲೇ ನಿಂತಿದ್ದೆ.