ಉಳದ ಹೊಲಕ್ಕೆ ಚುಚ್ಚಿದ ಸರಳು

ನಲವತ್ತು ವರ್ಷದಿಂದ ಟ್ರ್ಯಾಕ್ಟರಿನಲ್ಲಿ ಊರವರ ಹೊಲ ಉಳುತ್ತಿದ್ದವನಿಗೆ, ಹೊಲ ಉಳದೆಯೇ ಬಿತ್ತುವ ಭಾವಮೈದುನನ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಸೋಮಾರಿತನಕ್ಕೆ ಹೊಸ ಹೆಸರಿಟ್ಟಿದ್ದಾನೆ, ಅಷ್ಟೇ! ವಸಂತದ ಒಂದು ಬೆಳಿಗ್ಗೆ ಕಬ್ಬಿಣದ ಸರಳು ಹಿಡಿದು ಅವನ ಮರಳುಮಣ್ಣಿನ ಹೊಲಕ್ಕೇ ಹೋಗಿ, ಉಳದ ಮಣ್ಣು ಎಷ್ಟು ಗಟ್ಟಿಯಾಗಿದೆ ನೋಡೋಣವೆಂದು ಚುಚ್ಚಿದ. ಮೊಳದುದ್ದ ಇಳಿಯಿತು. ಪಕ್ಕದಲ್ಲೇ, ಅದೇ ಮಣ್ಣಿನ, ತಾನು ವರ್ಷವರ್ಷ ಉಳುವ ಸ್ವಂತ ಹೊಲದಲ್ಲಿ ಗೇಣಿಗೇ ಗಟ್ಟಿ ಪದರ ತಾಗಿ ನಿಂತಿತು.

"ಕದ್ದುಮುಚ್ಚಿ ಉತ್ತಿದ್ದೀಯ ತಾನೆ?" ಎಂದು ಬದುವಿನ ಮೇಲೆ ನಿಂತಿದ್ದ ಭಾವಮೈದುನನನ್ನು ಗದರಿದ.

"ಇಲ್ಲ ಭಾವ. ಕೆಳಗಿನ ಜೇಡಿಮಣ್ಣಿನ ಹೊಲ ಮಾತ್ರ ಉಳದಿದ್ರೆ ಆಗಲ್ಲ. ಅದನ್ನ ನೀವೇ ಬಂದು ಉತ್ತುಕೊಡಿ."

ಈ ವಿನಯ ಉರಿಯುವ ಅನುಮಾನಕ್ಕೆ ತುಪ್ಪ ಸುರಿಯಿತು. ಮನೆಗೆ ಬಂದವನೇ ಸರಳಿನ ತುದಿ ಸವರಿ ಹೆಂಡತಿಯನ್ನು ಕೇಳಿದ: "ನಿನ್ನ ತಮ್ಮನಿಗೋಸ್ಕರ ಇದನ್ನ ಚೂಪು ಮಾಡಿಟ್ಟೋಳು ನೀನೇ ಅಲ್ವಾ?"

"ಹೌದು ಅಂತಾನೇ ಇಟ್ಕೊಳ್ಳಿ," ಎಂದಳು ಆಕೆ, "ಮತ್ತೆ ನಮ್ಮ ಹೊಲದಲ್ಲಿ ಯಾಕೆ ಇಳೀಲಿಲ್ಲ?"